ಒಲೆಯ ಪಕ್ಕದ ತಗ್ಗು

ನಿಜಾಮರ ಕಾಲದ ಮೋರಖಂಡಿಯಲ್ಲಿ ನಮ್ಮ ಪಕ್ಕದ ಮನೆಯವಳನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ನನ್ನ ಕಾಲುಗಳಲ್ಲಿ ಕಸುವಿರಲಿಲ್ಲ. ಅವ್ವ ಕೂಲಿಗೆ ಹೊರಟರೆ ದೊಡ್ಡವ್ವನೇ ನನ್ನನ್ನು ಬಗಲಿಗೆ ಎತ್ತಿಕೊಳ್ಳುತ್ತಿದ್ದಳು. ಯಾರಾದರೂ ಮರುಗಿದರೆ ಸೆರಗು ಬಿಗಿದು, “ಪಾಪ ಗೀಪ ಬ್ಯಾಡ, ಮುಂದೇನ್ ಮಾಡೂದು ಹೇಳ್ರಿ” ಎನ್ನುತ್ತಿದ್ದಳು.

ಹುಮನಾಬಾದಿನ ಹಕೀಮರು ಕೈಚೆಲ್ಲಿದ ವರ್ಷವೇ ಸೂರ್ಯಗ್ರಹಣ ಬಂತು. ಗ್ರಹಣ ಹಿಡಿದಾಗ ಇಂಥ ಮಕ್ಕಳನ್ನು ಕುತ್ತಿಗೆಯವರೆಗೆ ಹೂತರೆ ಕಾಲು ಬರುತ್ತವೆಂಬುದು ನಮ್ಮ ಕಡೆಯ ನಂಬಿಕೆ. ನನ್ನನ್ನೂ ತಿಪ್ಪೆಯ ಬದಿಯಲ್ಲಿ ಹೂತರು. ನಾನು ಕಿರುಚಿಕೊಂಡೆ. ಗ್ರಹಣ ಬಿಡುವವರೆಗೆ ದೊಡ್ಡವ್ವ ನನ್ನ ತಲೆ ಸವರುತ್ತಾ ಅಲ್ಲೇ ಕುಳಿತಳು.

ಕಾಲು ಬರಲಿಲ್ಲ. ಅವ್ವ ನನ್ನ ಮೈಯ ಮಣ್ಣು ಒರೆಸುತ್ತಾ ಅಳತೊಡಗಿದಳು. ದೊಡ್ಡವ್ವ ಮಾತ್ರ ಆ ತಗ್ಗನ್ನೇ ನೋಡುತ್ತಿದ್ದಳು.

“ಯಾಕ ಅಳಾಕತ್ತೀ? ಮಣ್ಣಾಗ ಕೂಸು ನೆಟ್ಟಗ ನಿಂತಿತ್ತಲ್ಲ!”

ಮರುದಿನ ಅವಳು ಗುದ್ದಲಿ ಹಿಡಿದು, ತನ್ನ ಒಲೆಯ ಪಕ್ಕದಲ್ಲೇ ನನ್ನ ಸೊಂಟದಾಳಕ್ಕೆ ತಗ್ಗು ತೋಡಿದಳು. “ಮನ್ಯಾಗ ಯಾರರೆ ತಗ್ಗು ತೋಡ್ತಾರೇನ?” ಎಂದು ಅವಳ ಗಂಡ ರೇಗಿದ.

“ಹಂಗಾರ ಮುಂದೇನ್ ಮಾಡೂದು ನೀವ ಹೇಳ್ರಿ. ಇಲ್ಲಾಂದ್ರ ಅತ್ತಾಗ ಸರೀರಿ.”

ನನ್ನನ್ನು ಒಳಗೆ ಇಳಿಸಿ ಸುತ್ತಲೂ ಹಳೆಯ ಕೌದಿ ತುರುಕಿದಳು. ನಾನು ನಿಂತೆ. ನೆಲಕ್ಕೆ ಊರದೆ ನನ್ನ ಎರಡೂ ಕೈ ಖಾಲಿಯಾದದ್ದು ಅದೇ ಮೊದಲು. ಅವಳು ಆ ಕೈಗಳಲ್ಲಿ ಜೋಳದ ಹಿಟ್ಟಿನ ಉಂಡೆ ಇಟ್ಟಳು.

ನಾನು ಬಡಿದ ಎಷ್ಟೋ ರೊಟ್ಟಿ ಹರಿದವು. ಸುಗ್ಗಿಯ ಹೊತ್ತಿಗೆ ಒಂದು ದುಂಡಗಾಯಿತು. ಸಂಜೆ ಹೊಲದಿಂದ ಬಂದ ಅವ್ವನ ಕೈಗೆ ದೊಡ್ಡವ್ವ ಆ ಬಿಸಿ ರೊಟ್ಟಿ ಕೊಟ್ಟಳು.

“ತಗೋ. ನಿನ್ನ ಮಗಳು ನಿಂತು ಬಡದಾಳ.”