ಬಲ್ಬಿಗೆ ಕುಂಕುಮ ಇಟ್ಟವನು

ಒಂದೇ ಒಂದು ಬಲ್ಬಿಗಾಗಿ ನೀವು ಯಾವತ್ತಾದರೂ ಡೊಂಬಿವಲಿ, ವಾಶಿ, ಕಲ್ಯಾಣ ಮೂರೂ ಕಡೆ ಅಲೆದಿದ್ದೀರಾ? ನಾನು ಅಲೆದೆ. ಕಳೆದ ವಾರ. ಆ ಬಲ್ಬಿನ ಗಾತ್ರ ಎಷ್ಟು ಗೊತ್ತೇ? ನೆನೆಸಿಟ್ಟ ಕಡಲೆಕಾಳಿನಷ್ಟು!

(ಶಾಲೆಯಲ್ಲಿ ‘ವಿದ್ಯುತ್ ಬುರುಡೆ’ ಎಂದು ಓದಿದ ತಲೆಮಾರು ನಮ್ಮದು. ಇದನ್ನು ಬುರುಡೆ ಎಂದರೆ ಯಾರೂ ನಂಬಲಾರರು.)

ಬಲ್ಬು ಬೇಕಾಗಿದ್ದು ನೀರಿನೊಳಗೆ ಉರಿಯುವ ಟಾರ್ಚಿಗೆ. ಟಾರ್ಚು ನನ್ನ ಮಾವನವರದು. ಮಲ್ಪೆ ಕಡೆಯವರು, ಮುಂಬಯಿ ಬಂದರಿನಲ್ಲಿ ಮುಳುಗಿ ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುವ ಕೆಲಸದಲ್ಲಿದ್ದವರು. ಈಗ ಎಂಬತ್ತರ ಹತ್ತಿರ. ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಕಣ್ಣು ಬಹುತೇಕ ಹೋಗಿದೆ. ನಾಲಿಗೆ ಮಾತ್ರ ಡಬಲ್ ಡ್ಯೂಟಿ ಮಾಡುತ್ತದೆ.

ಅವರ ಮಗಳು, ಅಂದರೆ ನನ್ನ ಹೆಂಡತಿ ಸುಜಾತಾ, ಐವತ್ತೆರಡನೆಯ ವಯಸ್ಸಿನಲ್ಲಿ ಸ್ಕೂಬಾ ಡೈವಿಂಗ್ ಕಲಿತಳು. (ನಾನು ಟಿಟ್ವಾಳಾ ಗಣಪತಿಗೆ ಹೋದರೂ ಕೆರೆಯಿಂದ ಮಾರು ದೂರ ನಿಲ್ಲುವ ಜಾತಿ.) ಶುಕ್ರವಾರ ಪನ್ವೇಲಿನಲ್ಲಿ ಅವಳ ಟ್ರೇನು. ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ, ಅಲ್ಲಿ ನೀರಿಗೆ.

ಮಾವನವರು ಮಗಳ ಹತ್ತಿರ ಕೇಳಿದ್ದು ಒಂದೇ.

“ಸಮುದ್ರದ ಅಡಿಯಲ್ಲಿ ಕೆಂಪು ಇಲ್ಲ ಮಗಾ. ಎಲ್ಲ ನೀಲಿ, ಕಪ್ಪು. ಟಾರ್ಚು ಹಾಕಿದ ಕೂಡ್ಲೆ ಕೆಂಪು ಎದ್ದು ಬರ್ತದೆ. ಬಂದರಿನ ಕೊಳಕು ನೀರಲ್ಲಿ ನನಗೆ ಕಂಡದ್ದು ಒಂದೇ ಸಲ. ನನ್ನ ಟಾರ್ಚಲ್ಲೇ ನೋಡಿ ಹೇಳು, ಆಯ್ತಾ?”

ಆಳಕ್ಕಿಳಿದಂತೆ ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನಂತೆ. ಮೂವತ್ತು ವರ್ಷ ಅಳಿಯನಾಗಿದ್ದೂ ನನಗಿದು ಗೊತ್ತಿರಲಿಲ್ಲ!

ಸರಿ, ಟಾರ್ಚಿಗೆ ಹೊಸ ಬ್ಯಾಟರಿ, ಹೊಸ ರಬ್ಬರ್ ರಿಂಗು ಹಾಕಿಸಿದೆವು. ಒಂದು ದಿನವಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆವು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಸ್ವಿಚ್ ಒತ್ತಿದರೆ ಮಾತ್ರ ಬೆಳಕಿಲ್ಲ. ಒಳಗಿನ ಹ್ಯಾಲೋಜನ್ ಬಲ್ಬು ಸುಟ್ಟುಹೋಗಿತ್ತು. ಆನ್‌ಲೈನಿನಲ್ಲಿ ವಿದೇಶಿ ಬಲ್ಬು ಸಿಗುತ್ತದೆ. ಬೆಲೆ ನೋಡಿ ಮೊಬೈಲನ್ನು ಮೆಲ್ಲಗೆ ಮಗುಚಿಟ್ಟೆ. ಅದೂ ಬರಲು ಮೂರು ವಾರ.

“ಹೊಸ ಎಲ್‌ಇಡಿ ಟಾರ್ಚು ತಗೊಂಡರಾಯ್ತು” ಎಂದೆ. ಮಾವನವರು “ಆಗಲಿ” ಎಂದರು. ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ “ಆಗಲಿ” ತಡೆಯಲಾಗಲಿಲ್ಲ. ಮರುದಿನವೇ ಬೀದಿಗಿಳಿದೆ.

ಡೊಂಬಿವಲಿಯ ಅಂಗಡಿಯವನು ಸುಟ್ಟ ಬಲ್ಬನ್ನು ಸರಿಯಾಗಿ ನೋಡಲೂ ಇಲ್ಲ. “ಅಂಕಲ್, ಅಬ್ ಸಬ್ ಎಲ್‌ಇಡಿ ಹೈ. ಫೇಂಕ್ ದೋ.” ಎಸೆದುಬಿಡಬೇಕಂತೆ! ವಾಶಿಯ ಮಾಲಿನಲ್ಲಿ ಒಬ್ಬಳು ಬಹಳ ವಿನಯದಿಂದ ಇಡೀ ಹೊಸ ಟಾರ್ಚನ್ನೇ ತೋರಿಸಿದಳು. ನಾನು ಕೇಳಿದ್ದು ಕಡಲೆಕಾಳು, ತಾಯಿ! ಒಂದು ಗುಂಡಿ ಕಿತ್ತುಹೋದರೆ ಅಂಗಿ ಎಸೆಯುತ್ತೇವೆಯೇ? (ಎಸೆಯುವವರು ಇದ್ದಾರೆ, ಗೊತ್ತು. ನಮ್ಮ ಸೊಸೈಟಿಯಲ್ಲೇ ಇದ್ದಾರೆ.)

ಕಲ್ಯಾಣ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ಮಾತ್ರ ಒಬ್ಬ ಮುದುಕರು ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರು. ಏಣಿ ಹತ್ತಿದರು. ಧೂಳು ಕೊಡವಿ ಒಂದು ಡಬ್ಬಿ ಇಳಿಸಿದರು. “ಶೇವಟ್‌ಚಾ ಪೀಸ್ ಆಹೆ.” ಕೊನೆಯ ಪೀಸು! ಅದೇ ಹನ್ನೆರಡು ವೋಲ್ಟು, ಅದೇ ಇಪ್ಪತ್ತು ವ್ಯಾಟು, ಅದೇ ಎರಡು ಸೂಜಿಕಾಲು. ಬೆಲೆ? ಎರಡು ವಡಾಪಾವಿನದು! ಲೋಕಲ್ ಟ್ರೇನಿನಲ್ಲಿ ಬಲ್ಬಿನ ಡಬ್ಬಿಯನ್ನು ಎದೆಗವಚಿಕೊಂಡು ನಿಂತೇ ಬಂದೆ.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ.

ನಮ್ಮವರ ಮನೆಗೆ ಹೊಸ ವಸ್ತು ಬಂದರೆ ಏನು ಮಾಡುತ್ತೇವೆ? ಸ್ಕೂಟರಿರಲಿ, ಮಿಕ್ಸಿಯಿರಲಿ, ಗೀಸರಿರಲಿ, ಒಂದು ಬೊಟ್ಟು ಕುಂಕುಮ. ನಾನೂ ಕುಂಕುಮಕ್ಕೆ ಒಂದು ಹನಿ ತೆಂಗಿನೆಣ್ಣೆ ಕಲಸಿ (ಗಾಜಿನ ಮೇಲೆ ನಿಲ್ಲಬೇಕಲ್ಲ!) ಬಲ್ಬಿಗೇ ಬೊಟ್ಟಿಟ್ಟೆ. ಟಾರ್ಚಿಗೆ ಸಿಕ್ಕಿಸಿ ಸ್ವಿಚ್ ಒತ್ತಿದೆ. ಉರಿಯಿತು! ಮಾವನವರು ಬೆಳಕಿನ ಕಡೆಗೆ ಮುಖ ತಿರುಗಿಸಿ ನಕ್ಕರು.

ಎರಡು ನಿಮಿಷ. ಫಟ್!

“ಬಲ್ಬಿಗೆ ಕೈ ತಾಗಿಸಿದಿರಾ?” ಮಾವನವರು ಕೇಳಿದರು.

“ಕೈ ಅಲ್ಲ... ಕುಂಕುಮ. ಎಣ್ಣೆಯಲ್ಲಿ ಕಲಸಿ.”

“ಅಯ್ಯೋ ಮಾರಾಯ್ರೆ! ಆ ಬಲ್ಬಿಗೆ ಬೆರಳಿನ ಜಿಡ್ಡೂ ಆಗುವುದಿಲ್ಲ. ಜಿಡ್ಡು ತಾಗಿದಲ್ಲಿ ಗಾಜು ಕಾದು ಒಡೀತದೆ. ನಾವು ಬಟ್ಟೆಯಲ್ಲಿ ಹಿಡಿದು ಹಾಕ್ತಿದ್ದದ್ದು. ನೀವು ಎಣ್ಣೆಸ್ನಾನವೇ ಮಾಡಿಸಿದಿರಲ್ಲ!”

ಸುಜಾತಾ ಬೈಯಲಿಲ್ಲ. ಬಟ್ಟೆ ಮಡಚುತ್ತಾ, “ಬಿಡಿ, ಕೋಚ್ ಹತ್ರ ಬೇರೆ ಟಾರ್ಚ್ ಇರ್ತದೆ” ಎಂದಳು. ಅಪ್ಪ ಮಗಳು ಇಬ್ಬರೂ ಹೀಗೆ ಒಳ್ಳೆಯವರಾಗಿಬಿಟ್ಟರೆ ನನ್ನಂಥವನು ಎಲ್ಲಿಗೆ ಹೋಗಬೇಕು?

ನಾನು ಹೋದದ್ದು ಥಾಣೆಯ ವರ್ತಕ ನಗರಕ್ಕೆ, ನನ್ನ ದೊಡ್ಡಪ್ಪನ ಮಗ ದಿನೇಶಣ್ಣನ ಹೋಟೆಲಿಗೆ. ಗುರುವಾರ ಬೆಳಿಗ್ಗೆ. ಮುಖ ಸಣ್ಣದು ಮಾಡಿಕೊಂಡು ಕಾಫಿ ಕುಡಿಯುತ್ತಿದ್ದೆ. ಎದುರಿಗೆ ಸಿಹಿತಿಂಡಿಯ ಶೋಕೇಸು. ಮೈಸೂರು ಪಾಕು, ಜಿಲೇಬಿ. ಮೇಲೆ ಸಾಲಾಗಿ ಪುಟ್ಟ ಪುಟ್ಟ ದೀಪ. ಕಡಲೆಕಾಳಿನಷ್ಟು.

ಕಡಲೆಕಾಳಿನಷ್ಟು!

“ದಿನೇಶಣ್ಣಾ, ನಿನ್ನ ಜಿಲೇಬಿಯ ಬಲ್ಬು ಕೊಡು!”

“ತಲೆ ಸಮ ಉಂಟಾ ನಿಂಗೆ?”

ಒಂದೇ ಉಸಿರಿಗೆ ಕತೆ ಹೇಳಿದೆ. ಅವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಡಬ್ಬಿಯನ್ನೇ ತೆಗೆದ. ಹನ್ನೆರಡು ವೋಲ್ಟು, ಇಪ್ಪತ್ತು ವ್ಯಾಟು! “ಇದು ಬಂದ್ ಆಗ್ತದೆ ಅಂತ ಗೊತ್ತಾದ ಕೂಡ್ಲೆ ಡಜನ್‌ಗಟ್ಟಲೆ ತಂದಿಟ್ಟೆ ಮಾರಾಯ. ಎಲ್‌ಇಡಿ ಹಾಕಿದ್ರೆ ಜಿಲೇಬಿ ಜ್ವರ ಬಂದವರ ಹಾಗೆ ಕಾಣ್ತದೆ. ಕೆಂಪು ಎದ್ದು ಕಾಣ್ಬೇಕಾದ್ರೆ ಇದೇ ಆಗ್ಬೇಕು.”

ನೋಡಿ, ಅದೇ ಮಾತು! ಸಮುದ್ರದಡಿಯ ಮಾವನವರದೂ ಗಲ್ಲಾಪೆಟ್ಟಿಗೆಯ ದಿನೇಶಣ್ಣನದೂ ಒಂದೇ ಸಂಕಟ. ನಾನು ಊರೆಲ್ಲ ಲೈಟಿನ ಅಂಗಡಿಗಳಲ್ಲಿ ಹುಡುಕಿದ್ದೆ. ತಿಂಗಳಿಗೆರಡು ಸಲ ಕಾಫಿ ಕುಡಿಯುವ ಜಾಗದಲ್ಲಿ ಹುಡುಕಲಿಲ್ಲ. ಬೇಕಾದದ್ದು ಎಲ್ಲಿದೆ ಎಂದು ನಮ್ಮವರ ಹತ್ತಿರ ಮೊದಲು ಕೇಳುವ ಅಭ್ಯಾಸ ನಮಗೆ ಯಾವಾಗ ತಪ್ಪಿತು?

ದಿನೇಶಣ್ಣ ಒಂದು ಬಲ್ಬು ತೆಗೆಯಲು ಕೈ ಹಾಕಿದ. ಆಗತಾನೆ ತುಪ್ಪದೋಸೆ ತಿಂದ ಕೈ.

“ಮುಟ್ಬೇಡಾ!” ಎಂದು ನಾನು ಕೂಗಿದ ಅಬ್ಬರಕ್ಕೆ ಮೂರು ಟೇಬಲಿನವರು ಚಮಚ ಕೆಳಗಿಟ್ಟರು. ಟಿಶ್ಯೂ ಪೇಪರಿನಲ್ಲಿ ಹಿಡಿದು ನಾಲ್ಕು ಬಲ್ಬು ತಂದೆ. ಸಂಜೆ ಟಾರ್ಚು ಅರ್ಧ ಗಂಟೆ ಉರಿಯಿತು. ನಾನು ದೇವರ ಕೋಣೆಯ ಕಡೆ ತಲೆ ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ಸುಜಾತಾಳ ಫೋನ್ ಬಂತು. ಸ್ಪೀಕರಿಗೆ ಹಾಕಿದೆ. ಮಾವನವರು ನಮಸ್ಕಾರ, ಕ್ಷೇಮ ಏನೂ ಇಲ್ಲದೆ ಕೇಳಿದರು: “ಕೆಂಪು ಉಂಟಾ?”

“ಉಂಟಪ್ಪಾ!” ಅವಳು ಕೂಗಿದಳು. “ಬಂಡೆಯ ಅಡಿಯಲ್ಲಿ ಎಲ್ಲ ಕಪ್ಪು ಕಪ್ಪು ಇತ್ತು. ನಿಮ್ಮ ಟಾರ್ಚ್ ಹಾಕಿದೆ ನೋಡಿ... ಕುಂಕುಮ ಚೆಲ್ಲಿದ ಹಾಗೆ, ಅಪ್ಪ. ಇಡೀ ಬಂಡೆಗೆ!”

ಮಾವನವರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನನ್ನ ಕಡೆಗೆ ತಿರುಗಿದರು.

“ಕೇಳಿತಲ್ಲ ಅಳಿಯಂದಿರೇ? ಕುಂಕುಮ ಅಲ್ಲಿ ಮೊದಲೇ ಉಂಟಂತೆ. ಇನ್ನು ನೀವು ಹಚ್ಚುವುದು ಬೇಡ.”