ಎಡಮಗ್ಗುಲು ಮೇಷ್ಟ್ರು

ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು ಆ ಟೈಲರಿಗೆ ಇಟ್ಟಿದ್ದ ಹೆಸರು ಎಡಮಗ್ಗುಲು ಮೇಷ್ಟ್ರು. ಹಾಗಂತ ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆಸ್ಪತ್ರೆಯಿಂದ ನಾಲ್ಕು ಬೀದಿ ಆಚೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಂಥ ಅಂಗಡಿಯಲ್ಲಿ ಅಂಗಿ, ಪ್ಯಾಂಟು ಹೊಲಿಯುತ್ತಿದ್ದವನು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರವೊಂದು ಅವನ ಹೃದಯದ ಒಂದು ಕವಾಟವನ್ನು ಬಿಗಿ ಮಾಡಿಟ್ಟು ಹೋಗಿತ್ತು. ಮಾತ್ರೆ ನುಂಗಿಕೊಂಡು, ಮೆಟ್ಟಿಲು ಕಂಡಲ್ಲಿ ನಿಧಾನ ಮಾಡಿಕೊಂಡು ಅವನು ಹೇಗೋ ಬಾಳನ್ನು ಸರಿದೂಗಿಸಿಕೊಂಡಿದ್ದ. ಆದರೆ ಆ ಕವಾಟ ಎಬ್ಬಿಸುವ ಗುಡುಗುಡು ಸದ್ದು ಕಾಲೇಜಿನವರಿಗೆ ಬಂಗಾರ. ಪರೀಕ್ಷೆ ಹತ್ತಿರ ಬಂತೆಂದರೆ ವಾರ್ಡಿನ ಸಿಸ್ಟರ್ ಫೋನ್ ಮಾಡಿ, ಕೇಸ್ ಆಗಿ ಬಂದು ಮಲಗಬೇಕು ಎನ್ನುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ.

ಆ ಪರೀಕ್ಷೆಯ ಕ್ರಮ ಹೀಗೆ. ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬೊಬ್ಬ ರೋಗಿ. ಅರ್ಧ ಗಂಟೆಯಲ್ಲಿ ಅವನ ಕಷ್ಟವನ್ನೆಲ್ಲ ಕೇಳಿ ಬರೆದುಕೊಳ್ಳಬೇಕು, ಮೈ ಪರೀಕ್ಷೆ ಮಾಡಬೇಕು, ಆಮೇಲೆ ಪರೀಕ್ಷಕರ ಮುಂದೆ ನಿಂತು ಇಂಥ ರೋಗ ಎಂದು ಹೇಳಬೇಕು. ರೋಗಿ ಮಾತ್ರ ರೋಗದ ಹೆಸರು ಬಾಯಿಬಿಡಬಾರದು. ಟೈಲರು ಹೆಸರು ಹೇಳುತ್ತಿರಲಿಲ್ಲ, ಅದು ನಿಜ. ಆದರೆ ಆ ಸದ್ದು ಚೆನ್ನಾಗಿ ಕೇಳುವುದು ಎಡಮಗ್ಗುಲಿಗೆ ಹೊರಳಿದಾಗ. ಗಾಬರಿಯಲ್ಲಿ ಮಕ್ಕಳು ಮರೆಯುತ್ತಿದ್ದದ್ದೂ ಅದನ್ನೇ. ಆಗ ಅವನು ಬೆನ್ನು ತುರಿಸಿಕೊಳ್ಳುವವನಂತೆ ತಾನೇ ಎಡಕ್ಕೆ ಹೊರಳಿ, ಉಸಿರು ಬಿಟ್ಟು ಹಿಡಿದು, ಸೀಲಿಂಗ್ ಫ್ಯಾನು ನೋಡುತ್ತಿದ್ದ. ಹಾಗೆ ಪಾಸಾದವರು ಎಷ್ಟು ಮಂದಿಯೋ. ಅಂಗಿ ಅಳತೆ ಕೊಡಲು ಬಂದವರನ್ನೂ ಬಿಡದೆ, ಆ ಡಾಕ್ಟ್ರು ನನ್ನ ಎದೆ ಮೇಲೆ ಕಲಿತವರು, ಈ ಡಾಕ್ಟ್ರು ನನ್ನ ಎದೆ ಮೇಲೆ ಕಲಿತವರು ಎಂದು ಹೇಳುವುದು ಅವನ ಚಾಳಿ. ಜಂಬ ಅನ್ನಿ ಬೇಕಾದರೆ. ಬೇರೆ ಜಂಬಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

ಹೆಂಡತಿ ಅಂಗಡಿಯಲ್ಲೇ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಭಾರದ ಬಟ್ಟೆಗಂಟು ಎತ್ತುವುದು, ಬಾಗಿಲೆಳೆಯುವುದು, ನೀರು ತರುವುದು ಎಲ್ಲ ಅವಳದೇ. ಅವನ ಹೃದಯಕ್ಕೆ ಆಯಾಸವಾಗಬಾರದಲ್ಲ. ಪರೀಕ್ಷೆಯ ದಿನ ಬಟ್ಟೆ ಚೀಲದಲ್ಲಿ ನೀರಿನ ಬಾಟಲಿ, ಮಾತ್ರೆ, ಟವೆಲು ಹಾಕಿಕೊಂಡು ಅವನ ಜೊತೆ ಬಂದು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸಂಜೆಯ ತನಕ ಕೂತಿರುತ್ತಿದ್ದಳು. ಒಳಗಿನ ಪ್ರಶ್ನೆಗಳು ಅಲ್ಲಿಗೆ ಕೇಳುತ್ತಿದ್ದವು. ಕೇಳಿ ಕೇಳಿ ಅವಳಿಗೂ ಬಾಯಿಪಾಠ.

ಅದರಿಂದ ಅವರಿಬ್ಬರ ನಡುವೆ ಒಂದು ಆಟ ಹುಟ್ಟಿತ್ತು. ಪರೀಕ್ಷೆಯ ಹಿಂದಿನ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುವನು. ಅವಳು ಅಳತೆ ಟೇಪನ್ನು ಸ್ಟೆಥಾಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡು, ಆ ಮಕ್ಕಳ ನಡುಗುವ ದನಿಯಲ್ಲೇ ಕೇಳುವಳು. ಮೆಟ್ಟಿಲು ಹತ್ತಿದರೆ ಉಸಿರು ಬರುತ್ತಾ? ಎಷ್ಟು ದಿಂಬು ಹಾಕಿಕೊಂಡು ಮಲಗ್ತೀರಿ? ಅವನು ಒಂದೇ ದಿಂಬು ಎನ್ನುವನು. ಕೊನೆಗೆ ಅವಳಿಗೆ ಹತ್ತಕ್ಕೆ ಆರೋ ಏಳೋ ಅಂಕ ಕೊಡುವನು. ಮಕ್ಕಳಿಲ್ಲದ ಮನೆ. ಇಂಥ ಹುಡುಗಾಟ ಇಲ್ಲದಿದ್ದರೆ ದಿನ ಹೋಗುವುದಾದರೂ ಹೇಗೆ?

ಕೊನೆಯ ಸಲದ ಆಟ ಮಾತ್ರ ಬೇರೆಯಾಯಿತು. ಅವಳು ಟೇಪು ತೆಗೆದು ಅವನ ಕೊರಳಿಗೆ ಹಾಕಿದಳು.

"ಇವತ್ತು ನೀವು ಡಾಕ್ಟ್ರಾಗಿ. ನಾನು ಕೇಸ್ ಆಗ್ತೀನಿ ರೀ."

ಅವನಿಗೆ ನಗು. ಸರಿ ಎಂದು ಸ್ಟೂಲಿನ ಮೇಲೆ ಕೂತ. ಅವಳು ಮೇಜಿನ ಮೇಲೆ ಮಲಗಲಿಲ್ಲ, ಅಂಚಿಗೆ ಒರಗಿ ನಿಂತಳು. ಎಷ್ಟು ದಿಂಬಮ್ಮಾ ಎಂದು ಅವನು ಗಂಟಲು ದಪ್ಪ ಮಾಡಿ ಕೇಳಿದ. "ಮೂರು," ಎಂದಳು. "ಮಲಗಿದ್ರೆ ಯಾರೋ ಬಾಯಿ ಮುಚ್ಚಿದ ಹಾಗಾಗುತ್ತೆ. ಎದ್ದು ಕಿಟಕಿ ಹತ್ರ ಕೂತ್ಕೋತೀನಿ. ಸಂಜೆ ಹೊತ್ತಿಗೆ ಚಪ್ಪಲಿ ಕಾಲಿಗೆ ಹಿಡಿಯಲ್ಲ. ಹೋದ ತಿಂಗಳು ಒಂದಿನ ಎದೆ ಮೇಲೆ ಕಲ್ಲಿಟ್ಟ ಹಾಗಾಗಿತ್ತು, ಗ್ಯಾಸ್ ಅಂತ ಸುಮ್ಮನಾದೆ."

ಮನೆಯಲ್ಲಿ ಮೂರನೇ ದಿಂಬು ಎಲ್ಲಿ ಹೋಯಿತೆಂದು ಅವನೇ ಆ ವಾರ ಹುಡುಕಿದ್ದ. ಅವಳ ಚಪ್ಪಲಿಯ ಹಿಂಬದಿ ತುಳಿದು ಚಪ್ಪಟೆಯಾದದ್ದನ್ನೂ ನೋಡಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಅವು ಅವನ ಪಾಲಿಗೆ ಪರೀಕ್ಷೆಯ ಮಾತುಗಳು. ಅಕ್ಕಪಕ್ಕದ ಹಾಸಿಗೆಯ ಕೇಸುಗಳು ಹೇಳುವ ಮಾತುಗಳು. ಬೆಂಚಿನ ಮೇಲೆ ಕೂತು ಕೇಳಿದ್ದನ್ನೆಲ್ಲ ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಅವನಿಗೆ ಅಚ್ಚರಿಯೇ ಆಯಿತು.

"ಎಲ್ಲಾ ಬಿಟ್ಟು ನನ್ನ ಕೆಲಸಕ್ಕೇ ಕೈ ಹಾಕಿದೀಯಲ್ಲೇ," ಎಂದು ನಕ್ಕ. "ಹತ್ತಕ್ಕೆ ಹತ್ತು, ತಗೋ."

ಅವಳೂ ನಕ್ಕಳು. ಟೇಪನ್ನು ಸುತ್ತಿ ಡ್ರಾಯರಿನಲ್ಲಿಟ್ಟಳು.

ನೇರವಾಗಿ ಯಾಕೆ ಹೇಳಲಿಲ್ಲ ಎಂದು ಕೇಳುವುದು ಸುಲಭ. ಆ ಮನೆಯಲ್ಲಿ ರೋಗಿಯ ಕುರ್ಚಿ ಒಂದೇ ಇತ್ತು, ಅದರಲ್ಲಿ ಅವನು ಕೂತಾಗಿತ್ತು. ಸ್ವಲ್ಪ ಸರಿದುಕೊಳ್ಳಿ ಎಂದು ಕೇಳಲು ಅವಳಿಗೆ ಸಂಕೋಚ. ಆಟದ ನೆಪದಲ್ಲಿ ಕೇಳಿ ನೋಡಿದಳು. ಆ ಸಂಜೆಯ ಮಟ್ಟಿಗೆ ಆ ಮನುಷ್ಯನ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಇನ್ನು ಹೇಗಿರುತ್ತದೆ ಅದು?

ಮರುದಿನ ಪರೀಕ್ಷೆಗೂ ಅವಳು ಬಂದಳು. ಚೀಲ ತೊಡೆಯ ಮೇಲಿಟ್ಟುಕೊಂಡು, ಊದಿದ ಕಾಲುಗಳನ್ನು ಸೀರೆಯ ನೆರಿಗೆಯೊಳಗೆ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಳು. ಡಾಕ್ಟರುಗಳು, ಡಾಕ್ಟರಾಗುವವರು, ಡಾಕ್ಟರಾಗುವುದನ್ನು ಕಲಿಸುವವರು ಅವಳ ಮುಂದೆಯೇ ಬೆಳಗಿನಿಂದ ಓಡಾಡಿದರು. ಅವಳು ಕೇಸ್ ಅಲ್ಲ, ಕೇಸಿನ ಜೊತೆ ಬಂದವಳು. ಒಳಗೆ ಅವನು ಎಡಮಗ್ಗುಲಿಗೆ ಹೊರಳಿ ನಾಲ್ವರನ್ನು ಪಾಸು ಮಾಡಿಸಿದ.

ಒಂಬತ್ತನೇ ದಿನ, ಹಾಲಿನವನು ಬಂದು ಬಾಗಿಲು ಬಡಿದಾಗ ಅವಳು ತೆಗೆಯಲಿಲ್ಲ. ಕಿಟಕಿಯ ಹತ್ತಿರ, ಮೂರನೇ ದಿಂಬನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಲ್ಲೇ ಹೋಗಿದ್ದಳು.

ಆಮೇಲೆ ಅವನು ಹೊಲಿಯುತ್ತಿದ್ದ, ಅಷ್ಟೆ. ಕಾಜಾ ಹಾಕುವವರಿಲ್ಲದೆ ಅಂಗಿಗಳು ಗುಂಡಿಯಿಲ್ಲದೆ ಗೂಟದಲ್ಲಿ ನೇತಾಡಿದವು. ಆ ಟೇಪನ್ನು ಡ್ರಾಯರಿನಿಂದ ತೆಗೆಯಲಾರದೆ ಬೇರೆಯದು ಕೊಂಡು ತಂದ. ಆರು ತಿಂಗಳಿಗೆ, ಫೇಲಾದವರ ಮರುಪರೀಕ್ಷೆ ಬಂತು. ಸಿಸ್ಟರಿಗೆ ವಿಷಯ ಗೊತ್ತಿರಲಿಲ್ಲ, ಎಂದಿನಂತೆ ಕರೆದರು. ಅವನೂ ಬಾಯಿಬಿಡದೆ ಎಂದಿನಂತೆ ಬಂದ. ಅಭ್ಯಾಸಬಲದಿಂದ ಚೀಲವನ್ನು ಬೆಂಚಿನ ಮೇಲಿಟ್ಟು ಒಳಗೆ ಹೋಗಿ ಮಲಗಿದ.

ಮೊದಲು ಬಂದವಳು ಒಂದು ಸಲ ಫೇಲಾಗಿದ್ದ ಹುಡುಗಿ. ಪೆನ್ನಿನ ಮುಚ್ಚಳ ತೆಗೆದು ಸ್ಪಷ್ಟವಾಗಿ ಕೇಳಿದಳು. "ಅಂಕಲ್, ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಿ?"

ಒಂದು ಎನ್ನಬೇಕಿತ್ತು. ಬಾಯಿ ತೆರೆದರೆ ಬಂದದ್ದು ಮೂರು.

ಆಮೇಲೆ ತಡೆಯಲಾಗಲಿಲ್ಲ. ಬಾಯಿ ಮುಚ್ಚಿದ ಹಾಗಾಗುವುದು, ಕಿಟಕಿ, ಚಪ್ಪಲಿ, ಎದೆಯ ಮೇಲಿನ ಕಲ್ಲು, ಎಲ್ಲವೂ ಹೆಂಡತಿಯ ಮಾತಿನಲ್ಲೇ ಬಂದವು. ಹುಡುಗಿ ಮಧ್ಯೆ ಬಾಯಿ ಹಾಕದೆ ಬರೆದುಕೊಂಡಳು. ಆಮೇಲೆ ಕಾಲು ಒತ್ತಿ ನೋಡಿದಳು, ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟು ಕೇಳಿದಳು, ಹುಬ್ಬು ಗಂಟಿಕ್ಕಿ ಮತ್ತೆ ಕೇಳಿದಳು. ಅವನು ಹೊರಳುವುದನ್ನು ಮರೆತಿದ್ದ. ಅವಳೇ ಅವನನ್ನು ಎಡಕ್ಕೆ ಹೊರಳಿಸಿದಳು.

ಪರೀಕ್ಷಕರಾಗಿದ್ದ ಪ್ರೊಫೆಸರ್ ಬಂದು ನಿಂತರು. ಹತ್ತು ವರ್ಷದಿಂದ ಅವನನ್ನು ಬಲ್ಲವರು. ಹುಡುಗಿ ಕಾಗದ ನೋಡಿ ಹೇಳತೊಡಗಿದಳು. ಕವಾಟ ಬಿಗಿಯಾದ ಸದ್ದಿದೆ ಎಂದಳು, ಅದು ಸರಿಯಿತ್ತು. ಆದರೆ ಇವರು ಹೇಳಿದ ಕಷ್ಟ ಕೇಳಿದರೆ ಹೃದಯವೇ ಸೋಲುತ್ತಿರುವಂತಿದೆ, ಕಾಲಲ್ಲಿ ಊತವಿಲ್ಲ, ಶ್ವಾಸಕೋಶದಲ್ಲಿ ನೀರಿಲ್ಲ, ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗುತ್ತಿಲ್ಲ ಎಂದಳು. ಪ್ರೊಫೆಸರ್ ಮುಖ ಬಿಗಿಯಾಯಿತು. ಇವರ ಕಷ್ಟ ಏನೆಂದು ನನಗೆ ಗೊತ್ತು, ನೀನು ಸರಿಯಾಗಿ ಕೇಳಿಲ್ಲ ಎಂದರು.

"ಕೇಳಿದೀನಿ ಸರ್. ಅವರು ಹೇಳಿದ್ದನ್ನೇ ಬರೆದಿದೀನಿ." ಹುಡುಗಿಯ ಕಣ್ಣು ತುಂಬಿತ್ತು. "ಇದು ನಿಜ ಆಗಿದ್ರೆ ಇವತ್ತೇ ಅಡ್ಮಿಟ್ ಮಾಡ್ಬೇಕು. ಮನೆಗೆ ಕಳಿಸಬಾರದು ಸರ್."

ಪರೀಕ್ಷಕರ ಮುಂದೆ ಕೇಸ್ ಮಾತಾಡುವ ಹಾಗಿಲ್ಲ. ಟೈಲರು ಎದ್ದು ಕೂತ.

"ಅದು ನನ್ನ ಕಥೆ ಅಲ್ಲ ಸರ್, ನನ್ನ ಹೆಂಡ್ತೀದು. ಈ ಮಗು ಸರಿಯಾಗೇ ಕೇಳಿದೆ. ಮಾರ್ಕ್ಸ್ ಕಡಿಮೆ ಮಾಡ್ಬೇಡಿ."

ಪ್ರೊಫೆಸರ್ ಬರೆಯುತ್ತಿದ್ದ ಪೆನ್ನು ನಿಂತಿತು. ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರಲ್ಲ, ಅವರೇ ಅಲ್ಲವೇ, ಕರೆಸಿ, ಈಗಲೇ ನೋಡೋಣ ಎಂದರು. ಅವರ ಮಾತು ಮುಗಿಯುವ ಮೊದಲೇ ಹುಡುಗಿ ಬಾಗಿಲಿಗೆ ಓಡಿದ್ದಳು. ತಿರುಗಿ ಬಂದು, ಯಾರೂ ಇಲ್ಲ ಸರ್, ಒಂದು ಚೀಲ ಮಾತ್ರ ಇದೆ ಎಂದಳು.

"ಹೋಗಿಬಿಟ್ಲು ಸರ್. ಆರು ತಿಂಗಳಾಯ್ತು."

ಪ್ರೊಫೆಸರ್ ಮಂಚದ ಅಂಚಿನಲ್ಲೇ ಕೂತರು. ತಗ್ಗಿದ ದನಿಯಲ್ಲಿ ಕೇಳಿದರು. "ಇಷ್ಟೆಲ್ಲಾ ಆಗ್ತಿತ್ತಲ್ಲ, ಯಾರಿಗೂ ಹೇಳಲಿಲ್ವಾ ಅವರು?"

"ನನಗೆ ಹೇಳಿದ್ಲು," ಎಂದ ಟೈಲರು. "ಒಂದೂ ಬಿಡದೆ ಹೇಳಿದ್ಲು ಸರ್. ನಾನು ಹತ್ತಕ್ಕೆ ಹತ್ತು ಕೊಟ್ಟೆ."

ಸರದಿ ಬದಲಾಗುವ ಬೆಲ್ಲು ಹೊಡೆಯಿತು. ಮುಂದಿನ ವಿದ್ಯಾರ್ಥಿ ಪರದೆಯ ಆಚೆ ಬಂದು ನಿಂತ. ಟೈಲರು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ.