ಉಪ್ಪಿಲ್ಲದ ಕೆಂಪು ಸಾಸು

ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪಿನ ಹೆಸರೆತ್ತುವಂತಿರಲಿಲ್ಲ. ಬೇಕಾದರೆ 'ರುಚಿ' ಎನ್ನಬೇಕು. ಸಾರಿಗೆ ಸ್ವಲ್ಪ ರುಚಿ ಹಾಕು ಎಂದರೆ ಉಪ್ಪು ಹಾಕು ಎಂದೇ ಅರ್ಥ. ಕತ್ತಲಾದ ಮೇಲೆ ಉಪ್ಪು ಎಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆಂದು ಆಯಿ, ನನ್ನ ತಾಯಿ, ಗದರುತ್ತಿದ್ದಳು. ನಮ್ಮೂರು ಹಾರವಾಡದ ಕಡಲ ದಂಡೆಯಲ್ಲಿ ಅರ್ಧ ಆಯುಷ್ಯ ಮೀನಿಗೆ ಉಪ್ಪು ಸವರಿ ಒಣಗಿಸಿದವಳು ಅವಳು. ಬೆರಳ ಸಂದಿಯಲ್ಲಿ ಉಪ್ಪು ಕಚ್ಚಿದ ಸೀಳುಗಳು ಕಡೆಯವರೆಗೂ ಮಾಯಲಿಲ್ಲ.

ಅಂಥವಳಿಗೆ ಡಾಕ್ಟರು ಉಪ್ಪನ್ನೇ ನಿಲ್ಲಿಸಿದರು. ಕಿಡ್ನಿ ಸೋತಿತ್ತು, ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಾರವಾರದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ನಾನು ಅವಳನ್ನು ನನ್ನ ಬಾಡಿಗೆ ಮನೆಗೆ ಕರೆತಂದೆ. ಸಪ್ಪೆ ಗಂಜಿ, ಸಪ್ಪೆ ಮೀನು. ಎರಡು ತುತ್ತಿಗೇ ತಟ್ಟೆ ಸರಿಸುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಬೈದೆ, ಗೋಗರೆದೆ. ಅವಳು ತಿನ್ನಲಿಲ್ಲ. ಕಣ್ಣೆದುರೇ ಸೊರಗಿ ಕಡ್ಡಿಯಾದಳು.

ಒಂದು ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು, ಊಟ ಸೇರುತ್ತದೆಯೇ ಎಂದು ಕೇಳಿದರು. "ರುಚಿಯೇ ಇಲ್ಲ ನೋಡಿ. ಚೂರು ರುಚಿ ಹಾಕೂಕೆ ಹೇಳಿ ಇವ್ಳಿಗೆ" ಎಂದಳು ಆಯಿ. ನಾಲಗೆ ಕೆಟ್ಟಿದೆ ಎಂದುಕೊಂಡು ಅವರು ಟಾನಿಕ್ ಬರೆದುಕೊಟ್ಟರು. ಹೊರಗೆ ಆಗಲೇ ದೀಪ ಹತ್ತಿತ್ತು. ಅವಳು ಬೇಡಿದ್ದು ಉಪ್ಪನ್ನು ಎಂದು ತಿಳಿದದ್ದು ನನಗೊಬ್ಬಳಿಗೇ. ಡಾಕ್ಟರಿಗೆ ಬಿಡಿಸಿ ಹೇಳಿದರೂ ಸಿಗುವಂಥದ್ದಲ್ಲ ಅದು. ಆಟೋದಲ್ಲಿ ಬರುವಾಗ ಅವಳ ಮುಖ ನೋಡಲಾಗದೆ ರಸ್ತೆ ನೋಡುತ್ತ ಕೂತೆ.

ಸಮುದ್ರದ ದಂಡೆಯ ಹತ್ತಿರ ಆಗಷ್ಟೇ ಚೈನೀಸ್ ಗಾಡಿಗಳು ಬಂದಿದ್ದವು. ಅಲ್ಲಿ ಗೋಬಿಯ ಜೊತೆ ಅದ್ದಿಕೊಳ್ಳಲು ಕೊಡುವ ಕೆಂಪು ಸಾಸು ಒಮ್ಮೆ ನಾಲಗೆಗೆ ಚುರ್ ಎಂದಾಗ ನನಗೆ ಹೊಳೆಯಿತು: ಹುಳಿಯೂ ಖಾರವೂ ಇಷ್ಟು ಜೋರಾಗಿದ್ದರೆ ಉಪ್ಪಿಲ್ಲದ್ದು ಗೊತ್ತಾಗಲಿಕ್ಕಿಲ್ಲ. ಮಾಡುವ ಬಗೆ ಕೇಳಿಕೊಂಡೆ. ಸೋಯಾ ಸಾಸಿನಲ್ಲಿ ಬರೀ ಉಪ್ಪೇ ಎಂದು ಗಾಡಿಯವನು ಹೇಳಿದ್ದರಿಂದ ಅದನ್ನು ಬಿಟ್ಟೆ.

ಒಣಮೆಣಸನ್ನು ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಶುಂಠಿಯೊಡನೆ ನುಣ್ಣಗೆ ರುಬ್ಬಿ, ಎಣ್ಣೆಯಲ್ಲಿ ಬಾಡಿಸಿದೆ. ವಿನೆಗರ್ ಹೊಯ್ದಾಗ ಎದ್ದ ಘಾಟಿಗೆ ಪಕ್ಕದ ಮನೆಯವರೂ ಸೀನಿದರು. ಸಕ್ಕರೆ ಹಾಕಿ ಕುದಿಸಿ ಮಂದವಾಗಿಸಿದೆ. ಕೈ ತಾನಾಗಿ ಉಪ್ಪಿನ ಭರಣಿಗೆ ಹೋಯಿತು, ಎಳೆದುಕೊಂಡೆ.

ಬೇಯಿಸಿದ ನೊಗ್ಲಿ ಮೀನಿನ ಪಕ್ಕ ಸಾಸಿನ ಬಟ್ಟಲಿಟ್ಟರೆ ಆಯಿ ಅದನ್ನೆತ್ತಿ ಗಂಜಿಗೇ ಸುರಿಯಹೊರಟಳು. ನಮ್ಮಲ್ಲಿ ಯಾವುದೇ ಆದರೂ ಹೊಯ್ದು ಕಲಸಿಯೇ ತಿನ್ನುವುದು.

"ಹೊಯ್ಕಳೂದಲ್ಲ ಆಯಿ, ಅದ್ಕಂಡು ತಿನ್ನೂದು."

"ಅದ್ದೂಕೆ ಇದೆಂತ, ಬಟ್ಟೆಗೆ ಹಾಕೂ ಬಣ್ಣವಾ?" ಎಂದು ನಕ್ಕಳು. ಅವಳು ನಕ್ಕು ಎಷ್ಟೋ ಕಾಲವಾಗಿತ್ತು. ಮೀನಿನ ಚೂರು ಅದ್ದಿದಳು, ಕಣ್ಣಲ್ಲಿ ನೀರು ಬಂತು, ಮತ್ತೆ ಅದ್ದಿದಳು. ತಟ್ಟೆ ಖಾಲಿಯಾಯಿತು. ನಾನು ಒಲೆಯ ಕಡೆ ತಿರುಗಿ ನಿಂತು ಅತ್ತೆ.

ಅಂದಿನಿಂದ ಸಾಸಿನ ಆಸೆಗೆ ನಾಲ್ಕು ತುತ್ತು ಹೋಗುತ್ತಿತ್ತು. ಒಂದು ಸಂಜೆ ಊಟಕ್ಕೆ ಕೂತವಳು, "ಇದ್ಕೆ ರುಚಿ ಹಾಕಿದ್ಯೇನೆ?" ಎಂದು ಕೇಳಿದಳು.

"ಇಲ್ಲ ಆಯಿ" ಎಂದೆ.

ಆಯಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಾಕಿದ್ದೆ ಅಂತ ಹೇಳೂಕಾಗಿತ್ತು ಮಗಾ. ನಾ ನಂಬ್ತಿದ್ದೆ" ಎಂದಳು. ಆಮೇಲೆ ಏನೂ ಆಗದವಳಂತೆ ಮೀನು ಅದ್ದಿದಳು.

ಮಳೆಗಾಲ ಕಳೆಯುವ ಮೊದಲೇ ಅವಳು ಹೋದಳು.

ಕಾರ್ಯದ ದಿನ ಹಾರವಾಡದ ಮನೆಯಲ್ಲಿ, ತೀರಿಹೋದವಳಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿದರು. ನಾನು ಬೆಳಿಗ್ಗೆಯೇ ಎದ್ದು ಸಾಸು ಮಾಡಿದ್ದೆ. ಆಯಿಯ ತಂಗಿ, ನಮ್ಮ ಮೌಶಿ, ಬಟ್ಟಲಿಗೆ ಇಣುಕಿ ಮುಖ ಸಿಂಡರಿಸಿದಳು.

"ಇದೆಂತದೇ, ಚೀನಾದವ್ರ ಸಾರು? ಕಾಗೆ ಮುಟ್ಟೂದಿಲ್ಲ."

"ಆಯಿ ಮುಟ್ತಿತ್ತು" ಎಂದೆ.

ಭರಣಿಯಿಂದ ಉಪ್ಪು ತೆಗೆದು ಸಾಸಿಗೆ ಹಾಕಿ ಕದಡಿ, ಎಲೆಯಲ್ಲಿ ಮೀನಿನ ಪಕ್ಕಕ್ಕೆ ಬಡಿಸಿದೆ. ಎಲೆ ಒಯ್ದು ಅಂಗಳದಾಚೆ ಇಟ್ಟೆ. ನೆತ್ತಿಯ ಮೇಲೆ ಬಿಸಿಲಿತ್ತು. ಹಗಲು ಹೊತ್ತು, ಉಪ್ಪು ಎಂದರೆ ತಪ್ಪಿಲ್ಲ, ಗದರುವವಳೂ ಇಲ್ಲ. ಆದರೂ ಬಾಯಿಗೆ ಬಂದದ್ದು ಅವಳ ಮಾತೇ.

"ರುಚಿ ಹಾಕಿದ್ದೆ, ಆಯಿ" ಎಂದೆ.